ಭಾವನವರ ಕತಾರು, ನನ್ನ ಸಿಟ್ಟು

ನನಗೆ ಸಿಟ್ಟು ಬರುವುದು ಆಸ್ಪತ್ರೆಯಲ್ಲಲ್ಲ. ಅಲ್ಲಿ ಅದಕ್ಕೆ ಪುರಸೊತ್ತಿಲ್ಲ. ರೋಗಿ ಬೈದರೂ, ಕನ್ಸಲ್ಟೆಂಟ್ ಬೈದರೂ, ರೋಟಾ ಹಾಕುವ ಹೆಂಗಸು ಹಬ್ಬದ ದಿನವೇ ನನ್ನನ್ನು ಡ್ಯೂಟಿಗೆ ಹಾಕಿದರೂ ‘ನೋ ಪ್ರಾಬ್ಲಂ’ ಎಂದು ತುಟಿಯಷ್ಟೇ ಅಗಲಿಸಿ ನಗುವುದನ್ನು ಇಂಗ್ಲೆಂಡಿನ ಈ ವುಲ್ವರ್‌ಹ್ಯಾಂಪ್ಟನ್ನಿಗೆ ಬಂದ ಮೊದಲ ವರ್ಷದಲ್ಲೇ ಕಲಿತೆ. ಆದರೆ ನುಂಗಿದ್ದು ಎಲ್ಲಿಗೆ ಹೋಗುತ್ತದೆ? ವರ್ಷವಿಡೀ ಅದನ್ನು ಹೊಟ್ಟೆಯಲ್ಲಿ ಇಟ್ಟುಕೊಂಡು ಬೇಸಿಗೆಯಲ್ಲಿ ಒಬ್ಬರೇ ಒಬ್ಬರ ಮೇಲೆ ಸುರಿಯುತ್ತಿದ್ದೆ. ಅದೂ ಬಾಯಿ ಬಿಟ್ಟಲ್ಲ, ಮನಸ್ಸಿನಲ್ಲೇ. ಆ ಒಬ್ಬರು ನನ್ನ ಷಡ್ಡಕರು, ಅಂದರೆ ನನ್ನ ಹೆಂಡತಿ ಸುಮಳ ಅಕ್ಕನ ಗಂಡ, ಕತಾರಿನಲ್ಲಿ ನೀರು ಸರಬರಾಜಿನ ಎಂಜಿನಿಯರ್ ಆಗಿದ್ದ ಶ್ರೀಕಂಠ ಭಾವ.

ಕತಾರಿನಲ್ಲಿ ಬೇಸಿಗೆ ಎಂದರೆ ಮನುಷ್ಯರು ಮನೆಯಿಂದ ಕಾರಿಗೆ, ಕಾರಿನಿಂದ ಆಫೀಸಿಗೆ ಓಡುವ ಕಾಲವಂತೆ. ಹಾಗಾಗಿ ಭಾವ, ಶೈಲಕ್ಕ ಮತ್ತು ಮಗಳು ಮೇಘನಾ ವರ್ಷ ವರ್ಷವೂ ತಣ್ಣಗಿರಲೆಂದು ನಮ್ಮಲ್ಲಿಗೆ ಬರುತ್ತಿದ್ದರು. ತಣ್ಣಗಿರಲು ಬಂದವರು ಮೊದಲು ಮಾಡುತ್ತಿದ್ದ ಕೆಲಸವೆಂದರೆ ಜುಲೈ ತಿಂಗಳಲ್ಲಿ ನಮ್ಮ ಹೀಟಿಂಗ್ ಹಾಕುವುದು. ಅದಾದ ಮೇಲೆ ಭಾವ ಸ್ನಾನದ ಮನೆಗೆ ಹೋಗಿ, ಬಿಸಿನೀರಿಗೊಂದು ತಣ್ಣೀರಿಗೊಂದು ಇರುವ ನಲ್ಲಿಗಳನ್ನು ನೋಡಿ, ಒದ್ದೆ ಕೈಯಲ್ಲೇ ಹೊರಗೆ ಬರುತ್ತಿದ್ದರು. “ಡಾಕ್ಟ್ರೇ, ಒಂದರಲ್ಲಿ ಕೈ ಸುಡುತ್ತೆ, ಇನ್ನೊಂದರಲ್ಲಿ ಕೈ ಮರಗಟ್ಟುತ್ತೆ. ಪ್ರಪಂಚ ಆಳಿದ ಜನಕ್ಕೆ ಎರಡು ನೀರನ್ನ ಬೆರೆಸೋಕೆ ಬರಲ್ವಲ್ಲ,” ಎನ್ನುತ್ತಿದ್ದರು. ನನಗೂ ಹಾಗೇ ಅನ್ನಿಸಿತ್ತು. ಆದರೆ ಅವರು ಹೇಳಿದ ಕೂಡಲೇ ನಾನು ಆ ನಲ್ಲಿಗಳ ಕಡೆಯವನಾಗುತ್ತಿದ್ದೆ.

ಅಲ್ಲಿಂದ ಕತಾರು ಶುರುವಾಗುತ್ತಿತ್ತು. ಅಲ್ಲಿ ಪೆಟ್ರೋಲು ಕುಡಿಯುವ ನೀರಿಗಿಂತ ಅಗ್ಗ. ಅಲ್ಲಿ ಕರೆಂಟು ಆರಿಸುವ ಅಭ್ಯಾಸವೇ ಯಾರಿಗೂ ಇಲ್ಲ. ಮರಳಿನಲ್ಲಿ ಹುಲ್ಲು ಬೆಳೆಸಿದ್ದಾರೆ, ಆ ಹುಲ್ಲಿಗೆ ಸಮುದ್ರದ ನೀರನ್ನು ಸಿಹಿ ಮಾಡಿ ಹಾಕುತ್ತಾರೆ. ನಾನು ಇಲ್ಲಿ ಮನೆಗೆ ಕಟ್ಟಬೇಕಾದ ಕೌನ್ಸಿಲ್ ಟ್ಯಾಕ್ಸಿನ ವಿಷಯ ಎತ್ತಿದರೆ, “ಟ್ಯಾಕ್ಸಾ? ಹಾಗಂದ್ರೆ?” ಎಂದು ಕೇಳುತ್ತಿದ್ದರು, ಪದದ ಅರ್ಥವೇ ಮರೆತವರ ಹಾಗೆ. ನಾನು ಹಿತ್ತಲಿನ ಹುಲ್ಲು ಕತ್ತರಿಸುತ್ತಿದ್ದರೆ ಕುರ್ಚಿ ಹಾಕಿಸಿಕೊಂಡು ಪಕ್ಕದಲ್ಲೇ ಕೂತು, “ನಮ್ಮಲ್ಲಿ ಇದಕ್ಕೆಲ್ಲ ಜನ ಇದ್ದಾರೆ. ನೀವು ಇಷ್ಟು ಓದಿ, ಪಾಪ,” ಎನ್ನುತ್ತಿದ್ದರು. ಆ ‘ಪಾಪ’ಕ್ಕೆ ನನ್ನ ರಕ್ತದೊತ್ತಡ ಎಷ್ಟು ಏರುತ್ತಿತ್ತೆಂದು ಅಳೆಯುವ ಯಂತ್ರ ಮನೆಯಲ್ಲೇ ಇತ್ತು. ಭಯಕ್ಕೆ ಅಳೆದುಕೊಳ್ಳಲಿಲ್ಲ.

ಇಷ್ಟೇ ಆಗಿದ್ದರೆ ಸಹಿಸಬಹುದಿತ್ತು. ಅವರು ಹೋದ ಮೇಲೆ ಸುಮ ಪಾತ್ರೆ ತೊಳೆಯುತ್ತಾ, “ಅಲ್ರೀ, ಅಲ್ಲೂ ಆಸ್ಪತ್ರೆಗಳಿವೆಯಂತಲ್ಲ,” ಎಂದು ಗೋಡೆಗೆ ಹೇಳುವವಳಂತೆ ಹೇಳುತ್ತಿದ್ದಳು. ನಾನು ಒರೆಸುತ್ತಿದ್ದ ತಟ್ಟೆಯನ್ನು ಮತ್ತೂ ಒರೆಸುತ್ತಿದ್ದೆ.

ಎರಡು ಸಾವಿರದ ಮೂರೋ ನಾಲ್ಕೋ ಇರಬೇಕು, ಆ ವರ್ಷ ಮೇಘನಾಗೆ ಲೀಡ್ಸಿನಲ್ಲಿ ಎಂಜಿನಿಯರಿಂಗ್ ಸೀಟು ಸಿಕ್ಕಿತು. ಹಾಗಾಗಿ ಅವರು ಬೇಸಿಗೆಯಲ್ಲಿ ಬರಲಿಲ್ಲ, ಸೆಪ್ಟೆಂಬರಿನಲ್ಲಿ ಬರುವುದೆಂದಾಯಿತು. ಒಬ್ಬಳೇ ಮಗಳು. ಅವಳನ್ನು ಲೀಡ್ಸಿನ ಹೆಡಿಂಗ್ಲೀ ಬಡಾವಣೆಯ ಬಾಡಿಗೆ ಮನೆಗೆ ತಾವೇ ಬಿಟ್ಟು, ಮಂಚ ಕುರ್ಚಿ ಜೋಡಿಸಿ, ಒಲೆಯ ಮೇಲೆ ಹಾಲು ಉಕ್ಕಿಸಿಯೇ ಬರುತ್ತೇನೆಂದು ಭಾವ ಆರು ತಿಂಗಳಿಂದ ಫೋನಿನಲ್ಲಿ ಹೇಳುತ್ತಿದ್ದರು. ಬಂದವರು ಮಾತ್ರ ಶೈಲಕ್ಕ ಮತ್ತು ಮೇಘನಾ. “ಅಪ್ಪಾಸ್ ಆಫೀಸ್, ಆಸ್ ಯೂಷುವಲ್,” ಎಂದಳು ಹುಡುಗಿ. ವಾರ ಕಳೆದರೂ ಭಾವನ ಸುಳಿವಿಲ್ಲ. ಕೊನೆಗೆ ನಾವೇ ಅವಳನ್ನು ಲೀಡ್ಸಿಗೆ ಬಿಟ್ಟು ಬಂದೆವು. ದಾರಿಯುದ್ದಕ್ಕೂ ಅವಳು ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದಳು. ನನಗೆ ಭಾವನ ಮೇಲೆ ಎಂದಿಗಿಂತ ಹೆಚ್ಚು ಸಿಟ್ಟು ಬಂತು. ಆ ದೇಶ ಅಷ್ಟೊಂದು ಶ್ರೀಮಂತವಾಗಿದ್ದರೆ ಒಬ್ಬ ಎಂಜಿನಿಯರ್ ಹದಿನೈದು ದಿನ ಇಲ್ಲದಿದ್ದರೆ ಮುಳುಗಿ ಹೋಗುತ್ತದೆಯೇ ಎಂದು ಅಡುಗೆಮನೆಯಲ್ಲಿ ಗಟ್ಟಿಯಾಗಿಯೇ ಅಂದೆ.

ಚಹಾ ಸೋಸುತ್ತಿದ್ದ ಶೈಲಕ್ಕ ಅಲ್ಲೇ ಅಳಲು ಶುರುಮಾಡಿದರು.

“ಅವರಿಗೆ ಬರೋಕೆ ಬಿಡ್ತಿಲ್ಲ,” ಎಂದರು. “ಅಲ್ಲಿಂದ ಹೊರಡಬೇಕಾದ್ರೆ ಮಾಲೀಕರು ಒಪ್ಪಿಗೆ ಕೊಡ್ಬೇಕು. ಎಕ್ಸಿಟ್ ಪರ್ಮಿಟ್ ಅಂತ. ನಮ್ಮದು ಮಾಡಿಕೊಟ್ರು, ಇವರದ್ದು ಮರೆತು ಅವರು ರಜಕ್ಕೆ ಹೋಗಿಬಿಟ್ರು.”

“ಎಲ್ಲಿಗೆ?”

“ಲಂಡನ್ನಿಗೆ.”

ನಾನು ಕೂತೆ.

“ಫೋನ್ ಮಾಡಿ ಕೇಳಬಹುದಲ್ಲ ಅಕ್ಕ?”

“ರಜದಲ್ಲಿ ತೊಂದ್ರೆ ಕೊಟ್ರೆ ಸಿಟ್ಟಾಗ್ತಾರೆ ಅಂತ ಆಫೀಸಿನಲ್ಲಿ ಯಾರೂ ಮಾಡಲ್ಲ. ಇವರಿಗೂ ಧೈರ್ಯ ಇಲ್ಲ. ಆ ಲಂಡನ್ ಫ್ಲ್ಯಾಟ್ ಬುಕ್ ಮಾಡಿಕೊಟ್ಟಿದ್ದೂ ಇವರೇ.” ಸೆರಗಿನಲ್ಲಿ ಮುಖ ಒರೆಸಿಕೊಂಡರು. “ಮೇಘನಾಗೆ ಮಾತ್ರ ಹೇಳ್ಬೇಡಿ. ಅಪ್ಪ ಅಲ್ಲಿ ದೊಡ್ಡ ಮನುಷ್ಯ ಅಂತ ತಿಳ್ಕೊಂಡಿದಾಳೆ.”

ಶೈಲಕ್ಕನಿಂದ ಆ ಫ್ಲ್ಯಾಟಿನ ವಿಳಾಸ ಬರೆಸಿಕೊಂಡು ಮರುದಿನವೇ ಲಂಡನ್ನಿನ ರೈಲು ಹತ್ತಿದೆ. ಯೂಸ್ಟನ್ ನಿಲ್ದಾಣ ತಲುಪುವಷ್ಟರಲ್ಲಿ ಒಂದು ಭಾಷಣ ಸಿದ್ಧವಾಗಿತ್ತು. ಇಷ್ಟು ವರ್ಷ ಇಂಗ್ಲೆಂಡಿನಲ್ಲಿ ಯಾರಿಗೂ ಹೇಳದ ಮಾತುಗಳೆಲ್ಲ ಅದರಲ್ಲಿದ್ದವು. ಮನುಷ್ಯನೇನು ಗೂಟಕ್ಕೆ ಕಟ್ಟಿದ ದನವೇ ಎಂದು ಆರಂಭ. ನಿಮ್ಮ ಊರಿನ ರಸ್ತೆ, ನಿಮ್ಮ ಊರಿನ ನೀರು, ಎಲ್ಲ ಇಂಥವರ ಬೆವರು ಎಂದು ಮಧ್ಯಭಾಗ. ಮುಕ್ತಾಯದಲ್ಲಿ ನಾನು ಕುರ್ಚಿಯಿಂದ ಎದ್ದು ನಿಲ್ಲುವುದಿತ್ತು. ಆ ಮಾಲೀಕರು ಬಾಗಿಲು ತೆಗೆಯದಿದ್ದರೆ ಮೆಟ್ಟಿಲ ಮೇಲೆ ಕೂರುವುದೆಂದೂ ತೀರ್ಮಾನಿಸಿ ಜೇಬಿನಲ್ಲಿ ಎರಡು ಚಪಾತಿ ಸುತ್ತಿ ಇಟ್ಟುಕೊಂಡಿದ್ದೆ.

ಬಾಗಿಲನ್ನು ಅವರೇ ತೆಗೆದರು. ಉಣ್ಣೆಯ ಸ್ವೆಟರು ಹಾಕಿದ, ಕೋಲು ಹಿಡಿದ ಮುದುಕರು. ವುಲ್ವರ್‌ಹ್ಯಾಂಪ್ಟನ್ನಿನಿಂದ ಬಂದ ಡಾಕ್ಟರು, ಶ್ರೀಕಂಠರ ಸಂಬಂಧಿ ಎಂದೆ. ‘ಡಾಕ್ಟರು’ ಎಂಬುದಷ್ಟೇ ಅವರ ಕಿವಿಗೆ ಬಿತ್ತು. ಒಳಗೆ ಕರೆದು, ಖರ್ಜೂರದ ತಟ್ಟೆ ಮುಂದಿಟ್ಟು, ಪ್ಯಾಂಟನ್ನು ಮೊಣಕಾಲಿನವರೆಗೆ ಮಡಚಿದರು. ನೋಡಿದರೆ ಮಂಡಿ ನಿಜಕ್ಕೂ ಊದಿಕೊಂಡಿತ್ತು. ವೃತ್ತಿಯ ಚಟ ಎಂಥದೆಂದರೆ ನಾನು ಕಾರ್ಪೆಟ್ಟಿನ ಮೇಲೆ ಕೂತು ಅದನ್ನು ಒತ್ತಿ, ಮಡಿಸಿ, ಚಾಚಿಸಿ ನೋಡಿದೆ. ಮನುಷ್ಯನೇನು ಗೂಟಕ್ಕೆ ಕಟ್ಟಿದ ದನವೇ ಎಂದು ಕೇಳಬೇಕಾದವನು, ಮೆಟ್ಟಿಲು ಹತ್ತುವಾಗ ನೋವು ಜಾಸ್ತಿಯೋ ಇಳಿಯುವಾಗಲೋ ಎಂದು ಕೇಳಿದೆ.

ಮಂಡಿಯ ಕಥೆ ಮುಗಿದ ಮೇಲೆ ವಿಷಯಕ್ಕೆ ಬಂದೆ.

“ಶ್ರೀಕಂಠ ಇನ್ನೂ ಅಲ್ಲೇ ಇದ್ದಾರಾ?” ಅವರ ಇಂಗ್ಲಿಷು ನಿಧಾನ, ಮೃದು. “ಮಗಳ ಕಾಲೇಜು ಅಂದಿದ್ದರು. ಛೆ. ನನಗೆ ಯಾರೂ ಹೇಳಲೇ ಇಲ್ಲವಲ್ಲ. ಅವರು ನನ್ನ ಮಗನಿದ್ದ ಹಾಗೆ.”

ಫೋನ್ ತೆಗೆದುಕೊಂಡು ಅರಬ್ಬಿಯಲ್ಲಿ ಒಂದೆರಡು ಮಾತಾಡಿ ಇಟ್ಟರು. “ಆಯಿತು. ನಾಳೆ ಹೊರಡಬಹುದು. ಖರ್ಜೂರ ತಿನ್ನಿ, ನಮ್ಮ ತೋಟದ್ದು.”

ನಾನು ತಿಂದೆ. ನಾನು ಬಂದದ್ದನ್ನು ಶ್ರೀಕಂಠರಿಗೆ ಹೇಳಬೇಡಿರೆಂದು ಕೇಳಿಕೊಂಡೆ, ಒಪ್ಪಿದರು. ಬಾಗಿಲವರೆಗೆ ಕುಂಟುತ್ತಾ ಬಂದು ಕೈ ಕುಲುಕಿದರು. ಅವರು ರಾಕ್ಷಸರಾಗಿದ್ದರೆ ನನಗೆ ಎಷ್ಟೋ ಸಮಾಧಾನವಿರುತ್ತಿತ್ತು. ಒಳ್ಳೆಯ ಮುದುಕರು, ಮರೆತಿದ್ದರು, ಅಷ್ಟೆ. ಒಬ್ಬ ಐವತ್ತು ದಾಟಿದ ಮನುಷ್ಯ, ಊರಿಗೆಲ್ಲ ನೀರು ಹರಿಸುವ ಎಂಜಿನಿಯರ್, ತನ್ನ ಮಗಳನ್ನು ಕಾಲೇಜಿಗೆ ಬಿಡಲು ಬರಬೇಕಾದರೆ ಒಬ್ಬರಿಗೆ ನೆನಪಿರಬೇಕು. ಇದಕ್ಕೆ ಯಾರನ್ನು ಹಿಡಿದು ಬೈಯುವುದು? ವಾಪಸು ಬರುವಾಗ ರೈಲಿನಲ್ಲಿ ಆ ಚಪಾತಿಗಳನ್ನು ಸಿಟ್ಟಿನಿಂದಲೇ ತಿಂದೆ.

ಎರಡು ದಿನ ಬಿಟ್ಟು ಭಾವ ಮ್ಯಾಂಚೆಸ್ಟರಿನಲ್ಲಿ ಇಳಿದರು. ನಾನೊಬ್ಬನೇ ಕರೆದುಕೊಂಡು ನೇರ ಲೀಡ್ಸಿಗೆ ಹೊರಟೆ. ಕಾರು ಮೋಟಾರ್‌ವೇಗೆ ಬರುವ ಮೊದಲೇ ಶುರುಮಾಡಿದರು.

“ನಮ್ಮ ಬಾಸ್ ಎಂಥ ಮನುಷ್ಯ ನೋಡಿ ಡಾಕ್ಟ್ರೇ. ರಜದಲ್ಲಿದ್ರೂ ನನ್ನ ನೆನಪಿಟ್ಟುಕೊಂಡು ತಾವಾಗೇ ಫೋನ್ ಮಾಡಿಸಿ ಕಳಿಸಿದ್ರು. ನಿಮ್ಮ ಈ ದೇಶದಲ್ಲಿ ಯಾರಾದ್ರೂ ಹಾಗೆ ಮಾಡ್ತಾರಾ?”

“ಇಲ್ಲ ಭಾವ,” ಎಂದೆ.

ಹೆಡಿಂಗ್ಲೀಯಲ್ಲಿ ಒಂದಕ್ಕೊಂದು ಅಂಟಿಕೊಂಡ ಇಟ್ಟಿಗೆ ಮನೆಗಳ ಸಾಲಿನಲ್ಲಿ ಮೇಘನಾ ಬಾಗಿಲು ತೆಗೆದಳು. ಅಪ್ಪನನ್ನು ನೋಡಿ ಮೊದಲು ಮುಖ ಅರಳಿತು, ಆಮೇಲೆ ನೆನಪಾಗಿ ಗಂಟಿಕ್ಕಿಕೊಂಡಿತು.

“ಎಲ್ಲರ ಡ್ಯಾಡ್ಸೂ ಬಂದಿದ್ರು ಅಪ್ಪ. ಯೂ ಕುಡ್ ಹ್ಯಾವ್ ಜಸ್ಟ್ ಟೇಕನ್ ಲೀವ್. ಯಾವಾಗ್ಲೂ ಆಫೀಸೇ ನಿಮಗೆ ಫಸ್ಟ್.”

“ನಾನಿಲ್ದೆ ಅಲ್ಲಿ ನಡೆಯಲ್ಲಮ್ಮ…” ಎಂದು ಭಾವ ಶುರುಮಾಡಿದರು. ಸೂಟ್‌ಕೇಸು ಕೈಯಲ್ಲೇ ಇತ್ತು. ತಿರುಗಿ ನನ್ನ ಕಡೆ ನೋಡಿದರು. ಅಷ್ಟು ವರ್ಷಗಳಲ್ಲಿ ಅವರು ಮಾತಿಗೆ ತಡಕಾಡಿದ್ದನ್ನು ನಾನು ನೋಡಿದ್ದು ಅದೊಂದೇ ಸಲ.

“ನಿಜ ಮೇಘನಾ,” ಎಂದು ನನ್ನ ಬಾಯಿ ಹೇಳಿತು. “ನಿನಗೆ ಗೊತ್ತಿಲ್ಲ. ಅಲ್ಲಿನ ನೀರಿನ ವ್ಯವಸ್ಥೆಯೆಲ್ಲ ನಿಮ್ಮಪ್ಪನ ತಲೆ ಮೇಲೇ ಇರೋದು. ಅಂಥ ದೇಶ ಅದು. ಮರಳಿನಲ್ಲಿ ಹುಲ್ಲು ಬೆಳೆಸಿದಾರೆ. ಅವರು ಒಂದು ದಿನ ಇಲ್ಲದಿದ್ರೂ ಒಣಗಿ ಹೋಗುತ್ತೆ.”

“ರಿಯಲಿ, ಚಿಕ್ಕಪ್ಪ?” ಎಂದಳು. ನಾನು ಇನ್ನೂ ಸ್ವಲ್ಪ ಸೇರಿಸಿದೆ. ಪೆಟ್ರೋಲಿನ ವಿಷಯವನ್ನೂ ಹೇಳಿದ ನೆನಪು. ಅವಳು ಅಪ್ಪನ ಕೈಯಿಂದ ಸೂಟ್‌ಕೇಸು ತೆಗೆದುಕೊಂಡು, ಒಲೆ ತೋರಿಸುತ್ತೇನೆಂದು ಒಳಗೆ ಕರೆದೊಯ್ದಳು. ಹಾಲು ಇಟ್ಟರು. ಅದು ಉಕ್ಕುವುದನ್ನು ನೋಡುತ್ತಾ ನಿಂತ ಭಾವ ಕನ್ನಡಕ ತೆಗೆದು, ಹಬೆ ಕೂತಿದೆಯೆಂದು ಬಹಳ ಹೊತ್ತು ಒರೆಸಿದರು.

ಮನೆಗೆ ಹಿಂತಿರುಗುವಾಗ ಅವರು ಮಾತೇ ಆಡಲಿಲ್ಲ. ಕೈಗಳನ್ನು ತೊಡೆಯ ಮೇಲಿಟ್ಟುಕೊಂಡು ಲಾರಿಗಳನ್ನು ನೋಡುತ್ತಾ ಕೂತಿದ್ದರು. ಇವರು ಒಮ್ಮೆ ಸುಮ್ಮನಾದರೆ ಸಾಕೆಂದು ನಾನು ಹರಕೆ ಹೊರುವುದೊಂದು ಬಾಕಿಯಿತ್ತು. ಈಗ ಆ ಮೌನ ಕಾರಿನೊಳಗೆ ಮೂರನೆಯ ಮನುಷ್ಯನಂತೆ ಕೂತಿತ್ತು. ತಡೆಯಲಾಗಲಿಲ್ಲ.

“ಅಲ್ಲಿ ಹೊಸದಾಗಿ ಏನೇನು ಕಟ್ತಾ ಇದಾರೆ ಭಾವ?” ಎಂದು ಕೇಳಿದೆ.

ಭಾವ ಸೀಟಿನಲ್ಲಿ ನೆಟ್ಟಗೆ ಕೂತು, ಸಮುದ್ರ ತುಂಬಿಸಿ ಮಾಡುತ್ತಿರುವ ದ್ವೀಪದಿಂದ ಆರಂಭಿಸಿದರು. ಅಲ್ಲಿಂದ ಹೋಟೆಲುಗಳಿಗೆ ಹೋದರು, ಹೋಟೆಲುಗಳಿಂದ ನಮ್ಮ ಮೋಟಾರ್‌ವೇಯ ಗುಂಡಿಗಳಿಗೆ ಬಂದರು, ಗುಂಡಿಗಳಿಂದ ನನ್ನ ಕಾರಿಗೆ. “ಇಷ್ಟು ಓದಿ, ಇಷ್ಟು ಸಣ್ಣ ಕಾರು, ಪಾಪ,” ಎಂದರು. ವುಲ್ವರ್‌ಹ್ಯಾಂಪ್ಟನ್ ತಲುಪುವ ಹೊತ್ತಿಗೆ ನನಗೆ ಅವರ ಮೇಲೆ ಮತ್ತೆ ಮೊದಲಿನಷ್ಟೇ ಸಿಟ್ಟು ಬಂದಿತ್ತು. ಆಗ ಮನಸ್ಸಿಗೆ ಎಷ್ಟೋ ಹಾಯೆನಿಸಿತು.