ಮೊಮ್ಮಗಳ ಕಾಲುಚೀಲಕ್ಕೆ ನಾನು ಹಾಕಿದ ಹೊಲಿಗೆ

ಸಂತೋಷವಾದರೆ ಕೆಲವರು ಹಾಡುತ್ತಾರೆ, ಕೆಲವರು ಸಿಹಿ ಹಂಚುತ್ತಾರೆ. ನನಗೆ ಏನನ್ನಾದರೂ ಹೊಲಿಯಬೇಕು ಅನ್ನಿಸುತ್ತದೆ. ಇದು ಒಳ್ಳೆಯ ಗುಣವಲ್ಲ ಎಂಬುದು ಗೊತ್ತಾಗಲು ನನಗೆ ಎಪ್ಪತ್ತು ವರ್ಷ ದಾಟಬೇಕಾಯಿತು. ಮೂರನೇ ಕ್ಲಾಸಿಗೇ ಶಾಲೆ ಬಿಟ್ಟು ಕುರಿ ಹಿಂದೆ ಹೋದವನು ನಾನು. ಶ್ರೀರಾಂಪುರದ ಹತ್ತಿರ ನಮ್ಮೂರು. ಮಧ್ಯಾಹ್ನ ಕುರಿಗಳು ಮರದ ನೆರಳಿಗೆ ತಲೆ ಬಗ್ಗಿಸಿ ನಿಂತಾಗ ಕುರಿ ಕಾಯುವವನಿಗೆ ಬೇರೆ ಕೆಲಸವೇನಿರುತ್ತದೆ? ಕಂಬಳಿಯಲ್ಲಿ ತೂತು ಹುಡುಕುವುದು, ರುಮಾಲಿಗೆ ಸಿಕ್ಕಿಸಿದ ಸೂಜಿ ತೆಗೆಯುವುದು, ಉಣ್ಣೆ ದಾರದಲ್ಲಿ ಮುಚ್ಚುವುದು. ನಾನು ಹೊಲಿದ ಜಾಗದಲ್ಲಿ ನೀರು ಹೊಯ್ದರೂ ಸೋರುವುದಿಲ್ಲ ಎಂದು ಊರಲ್ಲಿ ಹೆಸರಿದೆ. ಆ ಹೆಸರು ಹಬ್ಬಿಸಿದವನೂ ನಾನೇ ಅನ್ನಿ.

ನನ್ನ ಮೊಮ್ಮಗಳು ಚೈತ್ರ ಒಂಬತ್ತನೇ ಕ್ಲಾಸು. ಮೂರು ಸಾವಿರ ಮೀಟರ್ ಓಟದಲ್ಲಿ ಹೊಸದುರ್ಗ ತಾಲ್ಲೂಕಿಗೇ ಮೊದಲು ಬಂದಳು. ಆವತ್ತು ನನಗೆ ಊಟ ಸೇರಲಿಲ್ಲ, ಬೀದಿಯಲ್ಲಿ ಸಿಕ್ಕಿದವರನ್ನೆಲ್ಲ ನಿಲ್ಲಿಸಿ ಹೇಳಿದೆ. ಬಸ್ಸಿಗೆ ಕೈ ಅಡ್ಡ ಹಿಡಿದು, ಹತ್ತದೆ, ಕಂಡಕ್ಟರಿಗೂ ಹೇಳಿದ್ದೇನೆ. ಇನ್ನು ದುರ್ಗದಲ್ಲಿ ಜಿಲ್ಲಾ ಮಟ್ಟದ ಓಟ. ಅಲ್ಲಿ ಮೊದಲು ಬರುವ ಇಬ್ಬರಿಗಷ್ಟೇ ಮುಂದಿನ ದಾರಿ. ಅವಳ ಪಿ.ಟಿ. ಮೇಷ್ಟ್ರು ತಾವೇ ಹುಡುಕಿ ಒಂದು ಜೊತೆ ಕಾಲುಚೀಲ ತಂದುಕೊಟ್ಟಿದ್ದರು. ಶಾಲೆಗೆ ಹಾಕಿಕೊಂಡು ಹೋಗುವ ದಪ್ಪ ಹತ್ತಿಯದು ಓಟಕ್ಕೆ ಆಗುವುದಿಲ್ಲವಂತೆ, ಬೆವರು ಕುಡಿದು ಒದ್ದೆಯಾಗಿ ಕಾಲನ್ನು ತಿಕ್ಕುತ್ತದಂತೆ. ಇದು ತೆಳ್ಳಗೆ, ಒಳಗೆ ಒಂದು ಗಂಟಿಲ್ಲ, ಒಂದು ಉಬ್ಬಿಲ್ಲ. ಇದೆಲ್ಲ ನನಗೆ ಆಮೇಲೆ ತಿಳಿದ ವಿದ್ಯೆ.

ಓಟದ ಹಿಂದಿನ ದಿನ ಅವಳು ಅದನ್ನು ಒಗೆದು ತಂತಿಯ ಮೇಲೆ ಹಾಕಿದ್ದಳು. ನೋಡುತ್ತೇನೆ, ಪಾದದ ಮೇಲ್ಭಾಗದ ತುಂಬ ತೂತು! ಸಾಲಾಗಿ, ಸಣ್ಣಸಣ್ಣಗೆ, ಎರಡರಲ್ಲೂ ಒಂದೇ ಲೆಕ್ಕದಲ್ಲಿ. ಯಾವ ಇಲಿಯೂ ಇಷ್ಟು ಶಿಸ್ತಾಗಿ ಕಡಿಯುವುದಿಲ್ಲ ಎಂದು ಆಗಲೇ ಹೊಳೆಯಬೇಕಿತ್ತು. ಹೊಳೆಯಲಿಲ್ಲ. ಪಾಪ, ಮಗು ತೂತು ಬಿದ್ದಿದ್ದನ್ನೇ ಹಾಕಿಕೊಂಡು ಓಡುತ್ತಲ್ಲ ಎಂದು ಕರುಳು ಚುರ್ ಎಂದಿತು. ಸಂತೋಷದ ಜೊತೆ ಕರುಣೆಯೂ ಸೇರಿದರೆ ನನ್ನ ಕೈ ಹಿಡಿಯುವವರಿಲ್ಲ. ಕುರಿಯ ಉಣ್ಣೆಯ ಕರಿ ದಾರ ಪೋಣಿಸಿಕೊಂಡು ಕೂತೆ. ಒಂದು ತೂತನ್ನೂ ಬಿಡಲಿಲ್ಲ. ಆಮೇಲೆ ಕಾಗದದಲ್ಲಿ ಸುತ್ತಿ, ಬೆಳಗ್ಗೆ ನಾನೇ ಕೊಡುತ್ತೇನೆ ಎಂದು ಅವಳಿಗೆ ಹೇಳಿಟ್ಟೆ.

ಬೆಳಗ್ಗೆ ದುರ್ಗದ ಮೈದಾನದಲ್ಲಿ ಪೊಟ್ಟಣ ಬಿಚ್ಚಿ ಅವಳ ಕೈಗಿಟ್ಟೆ. "ಎಲ್ಲಾ ಮುಚ್ಚೀನಿ ನೋಡವ್ವ. ಒಂದು ಇರುವೆ ನುಗ್ಗಾಕಿಲ್ಲ."

ಅವಳು ಒಂದೊಂದು ಹೊಲಿಗೆಯನ್ನೂ ಬೆರಳಲ್ಲಿ ಮುಟ್ಟಿ ನೋಡಿದಳು. ಆಮೇಲೆ, "ಚೆನ್ನಾಗೈತೆ ತಾತ" ಅಂದಳು. ನನ್ನ ಕೈಚಳಕಕ್ಕೆ ಬೆರಗಾಗಿದ್ದಾಳೆ ಎಂದುಕೊಂಡೆ.

ಮೆಟ್ಟಿಲ ಮೇಲೆ ನನ್ನ ಪಕ್ಕ ಐಮಂಗಲದವರೊಬ್ಬರು ಕೂತಿದ್ದರು, ಅವರ ಮಗನೂ ಓಡುವವನೇ. ಓಟ ಮುಗಿಯುವವರೆಗೂ ಅವರಿಗೆ ನಾನು ಹೊಲಿಗೆಯ ಕಥೆಯನ್ನೇ ಹೇಳಿದೆ. ಚೈತ್ರ ಮೊದಲು ಮುಂದಿದ್ದಳು. ನಾಲ್ಕನೇ ಸುತ್ತಿಗೆ ಯಾಕೋ ಕಾಲು ಎತ್ತೆತ್ತಿ ಇಡತೊಡಗಿದಳು. ಒಬ್ಬಳು ಅವಳನ್ನು ಹಿಂದೆ ಹಾಕಿದಳು. ಇನ್ನೊಬ್ಬಳು ಬೆನ್ನಿಗೇ ಬಂದಳು. ನಾನು ಕುರಿ ಅಟ್ಟುವ ಗಂಟಲಲ್ಲಿ, "ಹೋಯ್, ಬಿಡಬ್ಯಾಡ, ನುಗ್ಗು!" ಎಂದು ಕೂಗಿದೆ. ಎರಡನೆಯವಳಾಗಿ ಗೆರೆ ದಾಟಿ ಕುಸಿದು ಕೂತಳು. ಗೆದ್ದಳಲ್ಲ! ನಾನು ಐಮಂಗಲದವರ ಕೈ ಹಿಡಿದು ಎಳೆದುಕೊಂಡು ಓಡಿದೆ.

ಮೇಷ್ಟ್ರು ಅವಳ ಬೂಟು ಬಿಚ್ಚುತ್ತಿದ್ದರು. ಬೆರಳ ಮೇಲೆಲ್ಲ ಬೊಬ್ಬೆ, ಒಂದು ಒಡೆದು ರಕ್ತ. ಕಾಲುಚೀಲ ತಿರುವಿದರೆ ಒಳಗೆಲ್ಲ ಉಣ್ಣೆಯ ಗಂಟು, ಜಾಲಿ ಬೀಜದಷ್ಟು ದಪ್ಪ. "ಯಾವ ಪುಣ್ಯಾತ್ಮ ಇದನ್ನ ಹೊಲ್ದೋನು? ಗಾಳಿಯಾಡಲಿ ಅಂತ ಬಿಟ್ಟಿರೋ ತೂತು ಕಣಮ್ಮ ಇವು! ಗೋಣಿಚೀಲ ಹೊಲ್ದಂಗೆ ಹೊಲ್ದವ್ನಲ್ಲ!" ಎಂದರು.

ಐಮಂಗಲದವರು ನಿಧಾನವಾಗಿ ನನ್ನ ಕಡೆ ತಿರುಗಿದರು. ನಾನು ಜೋಗಿಮಟ್ಟಿಯ ಕಡೆ ತಿರುಗಿ, ಮೋಡ ಕಟ್ಟಿದೆಯೇನೋ ಎಂಬಂತೆ ಗುಡ್ಡ ನೋಡುತ್ತ ನಿಂತೆ. ಆಕಾಶದಲ್ಲಿ ಒಂದು ಚೂರು ಮೋಡವಿರಲಿಲ್ಲ.

"ನಾನೇ ಹೊಲ್ಕಂಡೆ ಸಾ. ಇಲಿ ಕಡ್ದಿತ್ತು" ಅಂದಳು ಚೈತ್ರ.

ಮೇಷ್ಟ್ರು ಅವಳಿಗೆ ಬೈದರು. ಬುದ್ಧಿ ಇಲ್ಲವೇ, ಹೊಸ ಜೊತೆ ಕೇಳಲು ಬಾಯಿರಲಿಲ್ಲವೇ ಎಂದರು. ಗೆದ್ದ ಹುಡುಗಿ, ರಕ್ತ ಬರುವ ಕಾಲು ಚಾಚಿಕೊಂಡು, ತಲೆ ತಗ್ಗಿಸಿ ಕೇಳಿಸಿಕೊಂಡಳು. ಊರಿಗೆಲ್ಲ ಕೇಳುವ ಹಾಗೆ ಕೂಗುವ ನನ್ನ ಗಂಟಲಿನಿಂದ 'ನಾನು' ಎಂಬ ಒಂದು ಮಾತು ಹೊರಡಲಿಲ್ಲ. ಆ ನಾಚಿಕೆ ಇವತ್ತಿಗೂ ಎದೆಯಲ್ಲಿ ಕೂತಿದೆ.

ಬಸ್ಸಿನಲ್ಲಿ ಕೇಳಿದೆ: "ಅಷ್ಟು ಒತ್ತುತಿದ್ರೆ ಬಿಚ್ಚಿ ಬಿಸಾಕೋದಲ್ವೇನವ್ವ?"

"ನೀನು ಮೆಟ್ಲ ಮೇಲಿಂದ ನೋಡ್ತಿದ್ಯಲ್ಲ ತಾತ" ಅಂದಳು.

ಮಾರನೆಯ ದಿನ ಶಾಲೆಗೆ ಹೋಗಿ ಮೇಷ್ಟ್ರ ಮುಂದೆ ಒಪ್ಪಿಕೊಳ್ಳೋಣವೆಂದು ಹೊರಟೆ. ಗೇಟಿನವರೆಗೆ ಹೋಗಿ, ಮೇಕೆಗೆ ಸೊಪ್ಪು ಮುರಿದುಕೊಂಡು ವಾಪಸು ಬಂದೆ. ಮೇಷ್ಟ್ರು ಹೊಸ ಜೊತೆ ತಂದುಕೊಟ್ಟಿದ್ದಾರೆ. ಈಗ ಅದು ತಂತಿಯ ಮೇಲೆ ಒಣಗುವಾಗ ಚೈತ್ರ ಅದಕ್ಕೊಂದು ಚೀಟಿ ಸಿಕ್ಕಿಸಿರುತ್ತಾಳೆ. ನಾನು ಅಕ್ಷರ ಕೂಡಿಸಿಕೊಂಡು ಓದಿದೆ: "ತಾತ, ಇದು ತೂತಲ್ಲ."

ಹಳೆಯ ಜೊತೆಯನ್ನು ಎಸೆಯಲು ಮನಸ್ಸಾಗಲಿಲ್ಲ. ಎಷ್ಟಾದರೂ ನನ್ನ ಕೈಕೆಲಸ. ಅಷ್ಟೊಂದು ಒತ್ತುತ್ತದೆಯೇ, ಮೇಷ್ಟ್ರು ಸ್ವಲ್ಪ ಹೆಚ್ಚಾಗಿಯೇ ಹೇಳಿರಬೇಕು ಎಂದು ಮೊನ್ನೆ ಅದನ್ನೇ ಏರಿಸಿ, ಮಗನ ಹಳೇ ಬೂಟು ಹಾಕಿಕೊಂಡು ಕುರಿ ಹೊಡೆದುಕೊಂಡು ಹೋದೆ. ಕೆರೆ ಏರಿ ಮುಟ್ಟುವಷ್ಟರಲ್ಲಿ ಮೇಷ್ಟ್ರು ಕಡಿಮೆಯೇ ಹೇಳಿದ್ದಾರೆ ಎಂದು ಗೊತ್ತಾಯಿತು. ಕುಂಟುತ್ತ ಮನೆಗೆ ಬಂದವನನ್ನು ನನ್ನ ಹೆಂಡತಿ, "ಕಾಲಿಗೇನಾತು?" ಎಂದು ಕೇಳಿದಳು. ಮುಳ್ಳು ಚುಚ್ಚಿತು ಎಂದೆ.

ಮೂಲೆಯಲ್ಲಿ ಓದಿಕೊಳ್ಳುತ್ತಿದ್ದ ಚೈತ್ರ ಎದ್ದು ಬಂದಳು. ನನ್ನ ರುಮಾಲಿನಿಂದ ಸೂಜಿ ಕಿತ್ತುಕೊಂಡು ಎದುರಿಗೆ ಕೂತು, "ಕಾಲು ಕೊಡು, ತೆಗೀತೀನಿ" ಅಂದಳು. ನಾನು ಕಾಲನ್ನು ಕಂಬಳಿಯೊಳಕ್ಕೆ ಎಳೆದುಕೊಂಡೆ. ಅವಳು ಕಂಬಳಿಯನ್ನು ನೋಡಿದಳು, ಬಾಗಿಲಲ್ಲಿದ್ದ ಬೂಟನ್ನು ನೋಡಿದಳು, ಅದರೊಳಗಿಂದ ಇಣುಕುತ್ತಿದ್ದ ಕರಿ ಉಣ್ಣೆಯನ್ನೂ ನೋಡಿದಳು.

"ಮುಳ್ಳೇನಾ ತಾತ," ಅಂದಳು, "ಇಲ್ಲಾ ಇಲಿ ಕಡೀತಾ?"