ಬೀಗರ ಅಂಗಡಿಗೆ ನಾನು ಜೋಡಿಸಿದ ಗೇಟ್‌ವೇ

೧೯೬೬ರಲ್ಲಿ ನಾನು ಆರನೆಯ ಇಯತ್ತೆಗೆ ಶಾಲೆ ಬಿಟ್ಟೆ. ಶಾಲೆಯೂ ನನ್ನನ್ನು ಹುಡುಕಿಕೊಂಡು ಬರಲಿಲ್ಲ. ಮಗ್ಗದ ಮುಂದೆ ನಿಂತೆ, ಸೈಕಲ್ ಮೇಲೆ ಚಾದರ ಹೇರಿಕೊಂಡು ಊರೂರು ತಿರುಗಿದೆ, ಕೊನೆಗೆ ಸೋಲಾಪುರದ ನವಿ ಪೇಠದಲ್ಲಿ ಸ್ವಂತ ಅಂಗಡಿ ಹಾಕಿದೆ. ಕೈಯಿಂದ ಮಾಡಿ ಕಲಿಯಲಾಗದ ವಿದ್ಯೆ ಭೂಮಿಯ ಮೇಲಿಲ್ಲ ಎಂಬುದು ನನ್ನ ದೃಢವಾದ ನಂಬಿಕೆ. ಅದು ೧೯೯೮ರವರೆಗೆ ಗಟ್ಟಿಯಾಗಿತ್ತು!

ಆ ವರ್ಷ ನನ್ನ ಅಂಗಡಿಯಲ್ಲಿ ವೈರಿನಿಂದ ಒಂದಕ್ಕೊಂದು ಜೋಡಿಸಿದ ಎರಡು ಕಂಪ್ಯೂಟರ್‌ಗಳಿದ್ದವು. ಅಕ್ಕಲಕೋಟದಲ್ಲಿ ಅಳಿಯ ಶಿವಾನಂದನ ಚಾದರ ಅಂಗಡಿಯಲ್ಲೂ ಎರಡು. ಹಿಂದಿನ ದೀಪಾವಳಿಗೆ ಅವನದೊಂದು ಕಂಪ್ಯೂಟರ್ ವರ್ಷದ ವ್ಯಾಪಾರವನ್ನೆಲ್ಲ ಹೊಟ್ಟೆಯಲ್ಲಿಟ್ಟುಕೊಂಡೇ ಪ್ರಾಣ ಬಿಟ್ಟಿತ್ತು. ಆದ್ದರಿಂದ ಅಲ್ಲಿಯ ಲೆಕ್ಕದ ನಕಲನ್ನು ದಿನವೂ ಸೋಲಾಪುರದಲ್ಲಿ ಇಟ್ಟುಕೊಳ್ಳುವುದೆಂದು ಠರಾಯಿಸಿದೆವು. ಆದರೆ ಎರಡು ಅಂಗಡಿಗಳ ಜಾಲ ಬೇರೆ ಬೇರೆ. ಇಲ್ಲಿಯದಕ್ಕೆ ಅಲ್ಲಿಯದು ಕಾಣದು. ವಿಜಾಪುರ ರಸ್ತೆಯ ಇಂಜಿನಿಯರನೊಬ್ಬ ಬಂದು, ಎರಡೂ ಕಡೆ ಒಂದೊಂದು ಹಳೆಯ ಕಂಪ್ಯೂಟರ್ ಇಟ್ಟು, ಅಂಗಡಿಯ ಫೋನಿಗೆ ಸಿಕ್ಕಿಸಿದ. ಅದಕ್ಕೆ ಗೇಟ್‌ವೇ ಎನ್ನುತ್ತಾರಂತೆ. ಊರಿಗೆ ಅಗಸಿ ಬಾಗಿಲು ಇದ್ದ ಹಾಗೆ. ಹೋಗುವುದೂ ಬರುವುದೂ ಅದರಿಂದಲೇ. ಸಂಜೆ ಅಂಗಡಿ ಮುಚ್ಚಿದ ಮೇಲೆ ಅಕ್ಕಲಕೋಟದ ಗೇಟ್‌ವೇ ತಾನೇ ನಮ್ಮ ನಂಬರಿಗೆ ಫೋನ್ ಮಾಡಿ ನಕಲು ಒಪ್ಪಿಸುತ್ತಿತ್ತು.

“ಶೇಠ್, ಇನ್ನ ಇದನ್ನ ಮುಟ್ಟಬ್ಯಾಡ್ರಿ,” ಎಂದು ಹೇಳಿ ಇಂಜಿನಿಯರ್ ಹೋದ.

ನಾನು ಮುಟ್ಟಿದೆ.

ಕಾರಣ ಘನವಾದದ್ದೇ. ಬೀಗರ ಕಡೆಯಿಂದ ದಿನವೂ ಬರುತ್ತಿದೆ, ನಮ್ಮ ಕಡೆಯಿಂದ ಏನೂ ಹೋಗುತ್ತಿಲ್ಲ! ಬೀಗರು ಉಂಡಿ ತುಂಬಿ ಕಳಿಸಿದ ಡಬ್ಬಿಯನ್ನು ಯಾರಾದರೂ ಖಾಲಿ ತಿರುಗಿಸುತ್ತಾರೆಯೇ? ಇಂಜಿನಿಯರನ ಬೆನ್ನ ಹಿಂದೆ ನಿಂತು ನೋಡಿದ್ದನ್ನೆಲ್ಲ ನೆನೆಸಿಕೊಂಡು, ನಮ್ಮಲ್ಲಿರುವುದೂ ಅದೇ ಫೋನಿನಲ್ಲಿ ಅಕ್ಕಲಕೋಟಕ್ಕೆ ಮರಳಿ ಹೋಗುವಂತೆ ಮಾಡಿದೆ. ಅಕ್ಕಲಕೋಟಕ್ಕೂ ಹೋಗಿ, ಏನನ್ನೂ ಬಿಡದೆ ಎಲ್ಲವನ್ನೂ ಕಳಿಸು, ಲೈನ್ ಕಡಿದರೆ ಸಿಗುವವರೆಗೆ ಮತ್ತೆ ಮತ್ತೆ ಫೋನ್ ಮಾಡು ಎಂದು ಅಲ್ಲಿಯ ಗೇಟ್‌ವೇಗೆ ಆಜ್ಞೆ ಕೊಟ್ಟೆ. ಮೇಲೊಂದು ಚೀಟಿ ಅಂಟಿಸಿದೆ: “ಯಾರೂ ಮುಟ್ಟಬಾರದು. ಇಂತಿ, ಮಾವ.”

ಮೊದಮೊದಲು ಈ ಕೊಡುಕೊಳ್ಳುವಿಕೆ ನಾನು ಚಹಾ ಕುಡಿಯುವಷ್ಟರಲ್ಲಿ ಮುಗಿಯುತ್ತಿತ್ತು. ಆಮೇಲೆ ಊಟದವರೆಗೆ ನಡೆಯಿತು. ಆಮೇಲೆ ನಾನು ಮಲಗಿದರೂ ಅದು ಮಲಗಲಿಲ್ಲ. ನನಗೆ ಪರಮಾನಂದವಾಯಿತು. ವ್ಯಾಪಾರ ಎಷ್ಟೊಂದು ಬೆಳೆಯುತ್ತಿದೆ!

ಹೀಗಿರುವಾಗ ಚೊಚ್ಚಲ ಹೆರಿಗೆಗೆಂದು ತವರಿಗೆ ಬಂದಿದ್ದ ಮಗಳು ಮಹಾನಂದಾ, ಒಂದು ಗುರುವಾರ ಬೆಳಿಗ್ಗೆ ಸೋಲಾಪುರದ ಆಸ್ಪತ್ರೆಯಲ್ಲಿ ಹೆಣ್ಣುಮಗುವನ್ನು ಹೆತ್ತಳು. ನಾನು ಕುಣಿಯುವುದೊಂದು ಬಾಕಿ. ಹೆಂಡತಿ ನನ್ನ ತೋಳು ಹಿಡಿದು ನಿಲ್ಲಿಸಿದಳು.

“ಆಮ್ಯಾಲ ಕುಣೀರಿ. ಮೊದಲ ಬೀಗತಿಗೆ ಸುದ್ದಿ ಮುಟ್ಟಸ್ರಿ. ಮಂದಿ ಬಾಯಿಂದ ಗೊತ್ತಾತಂದ್ರ ಮುಗೀತು! ಕುಬಸದಾಗ ಊಟಕ್ಕ ತಡಾ ಮಾಡಿ ಕರದ್ರಂತ ಇನ್ನೂ ಆಡಿ ತೋರಸ್ತಾರ.”

ಅಳಿಯನ ತಾಯಿ, ಬೀಗತಿ ಶಾಂತಾಬಾಯಿ ಅಂಥವರೇ; ಸೀಮಂತದ ಆ ಊಟವನ್ನು ಇನ್ನೂ ಮರೆತಿರಲಿಲ್ಲ. ಆಸ್ಪತ್ರೆಯ ಮುಂದಿನ ಎಸ್‌ಟಿಡಿ ಬೂತಿಗೆ ಓಡಿ ಅಕ್ಕಲಕೋಟದ ಅಂಗಡಿಗೆ ಹಚ್ಚಿದೆ. ಎಂಗೇಜ್. ಮತ್ತೆ ಹಚ್ಚಿದೆ. ಎಂಗೇಜ್. ಬೂತಿನ ಫೋನೇ ಕೆಟ್ಟಿರಬೇಕೆಂದು, ಪರೀಕ್ಷೆಗಾಗಿ ನನ್ನದೇ ಅಂಗಡಿಯ ನಂಬರ್ ತಿರುಗಿಸಿದೆ. ಅದೂ ಎಂಗೇಜ್!

ಅಂಗಡಿಗೆ ನಾನೇ ಕೀಲಿ ಹಾಕಿ ಬಂದಿದ್ದೇನೆ. ಕೀಲಿಕೈ ನನ್ನ ಕಿಸೆಯಲ್ಲಿದೆ.

“ಕಳ್ಳ ಹೊಕ್ಕಾನ!” ಎಂದು ಹೆಂಡತಿಗೆ ಹೇಳಿದೆ. “ಒಳಗ ಕುಂತು ಫೋನ್‌ನ್ಯಾಗ ಮಾತಾಡಾಕತ್ತಾನ!”

“ಗಲ್ಲಾ ಬಿಟ್ಟು ಫೋನ್ ಮಾಡ್ತಾನೇನ್ರಿ ಕಳ್ಳ?”

“ಎಸ್‌ಟಿಡಿ ಎಷ್ಟ ತುಟ್ಟಿ ಆಗ್ಯದ, ನಿನಗೇನ ಗೊತ್ತು!”

ರಿಕ್ಷಾ ಹಿಡಿದು ನವಿ ಪೇಠಕ್ಕೆ ಧಾವಿಸಿದೆ. ನನ್ನ ಕೂಗಿಗೆ ಪಕ್ಕದ ಪಾತ್ರೆ ಅಂಗಡಿಯ ಕಾಶೀನಾಥ ಮದುವೆ ಅಡುಗೆಯ ಭಾರಿ ಸೌಟು ಎತ್ತಿಕೊಂಡು ಬಂದ. “ಚೋರ್ ಕುಠೇ ಆಹೇ?” ಎಂದು ಕಳ್ಳನನ್ನು ಹುಡುಕುತ್ತ ಅರ್ಧ ಪೇಠೆಯೂ ಬಂತು. ಷಟರ್ ಎತ್ತಿದೆ. ಕಳ್ಳನೂ ಇಲ್ಲ, ಸುಳ್ಳನೂ ಇಲ್ಲ. ಮೂಲೆಯಲ್ಲಿ ಗೇಟ್‌ವೇ ದೀಪ ಮಿಣುಕಿಸುತ್ತ ಕೂತಿತ್ತು. ಹಿಂದಿನ ಸಂಜೆ ಶುರುಮಾಡಿದ ಮಾತು ಅದಕ್ಕಿನ್ನೂ ಮುಗಿದಿರಲಿಲ್ಲ!

ವೈರ್ ಕಿತ್ತು ಫೋನಿಗೆ ಸಿಕ್ಕಿಸಿದೆ. ನಂಬರ್ ತಿರುಗಿಸುವ ಮೊದಲೇ ಫೋನ್ ತಾನಾಗಿ ಟ್ರಿಣ್ ಎಂದಿತು.

“ನೋಡ್ರಿ, ಅಳಿಯಂದಿರ ಫೋನ್! ಕರುಳಿನ ಸಂಬಂಧ ಅಂದ್ರ ಇದು!” ಎಂದು ನೆರೆದವರಿಗೆ ಹೇಳಿ, ಇಡೀ ಪೇಠೆ ಕೇಳುವಂತೆ ಕೂಗಿದೆ: “ಅಳಿಯಂದಿರ! ಹೆಣ್ಣ ಕೂಸು! ತಾಯಿ, ಮಗಳು ಇಬ್ಬರೂ ಆರಾಮ ಅದಾರ! ಮೊದಲ ನಿಮ್ಮ ಅವ್ವಾರಿಗೆ ಹೇಳ್ರಿ!”

ಆ ಕಡೆಯಿಂದ ಬಂತು: “ಪೀಂ... ಪೀಂ...”

“ಪಾಪ, ಅಳಿಯಂದಿರಿಗೆ ಕೊರಳ ತುಂಬಿ ಬಂದದ,” ಎಂದೆ.

ಕಾಶೀನಾಥ ಕಿವಿಗೊಟ್ಟು ಕೇಳಿದ. “ಶೇಠ್, ಕೊರಳ ತುಂಬಿದ್ರ ಮನಶ್ಯಾ ಪೀಂ ಅಂತಾನೇನ್ರಿ?”

ಮಾತಾಡುತ್ತಿದ್ದುದು ಅಕ್ಕಲಕೋಟದ ಗೇಟ್‌ವೇ. ಇಟ್ಟರೆ ಮತ್ತೆ ಟ್ರಿಣ್, ಎತ್ತಿದರೆ ಮತ್ತೆ ಪೀಂ. ಸಿಗುವವರೆಗೆ ಬಿಡಬೇಡ ಎಂದು ಆಜ್ಞೆ ಕೊಟ್ಟ ಮಹಾಶಯನು ನಾನೇ! ಅಂತೂ ಬೀಗರ ಕಡೆಯಲ್ಲಿ ಶುಭವಾರ್ತೆಯನ್ನು ಮೊದಲು ಕೇಳಿದ್ದು ಒಂದು ಯಂತ್ರ.

ಇನ್ನು ಎಸ್‌ಟಿ ಬಸ್ಸೇ ಗತಿ. ನಮ್ಮ ಕಡೆ ಗಂಡಾದರೆ ಪೇಢೆ, ಹೆಣ್ಣಾದರೆ ಬರ್ಫಿ. ಬರ್ಫಿಯ ಡಬ್ಬಿ ಎದೆಗವಚಿಕೊಂಡು, ಬೇರೆ ಯಾರೂ ನನಗಿಂತ ಮುಂಚೆ ಬಾಯಿಬಿಡದಿರಲೆಂದು ಬೇಡಿಕೊಳ್ಳುತ್ತ ಅಕ್ಕಲಕೋಟಕ್ಕೆ ಹೋದೆ.

ಅಂಗಡಿಯ ತುಂಬ ಸ್ವಾಮಿಯ ದರ್ಶನಕ್ಕೆ ಬಂದ ಗುರುವಾರದ ಯಾತ್ರಿಕರು. ಕೈಯಲ್ಲಿ ಚಾದರ ಹಿಡಿದು ಬಿಲ್ಲಿಗಾಗಿ ನಿಂತಿದ್ದಾರೆ. ಎರಡೂ ಕಂಪ್ಯೂಟರ್‌ಗಳು ಹೊಟ್ಟೆಯಲ್ಲಿ ಜಾಗವಿಲ್ಲವೆಂದು ಮುಷ್ಕರ ಹೂಡಿವೆ. ಗಲ್ಲಾದ ಮೇಲೆ ಸ್ವತಃ ಬೀಗತಿ ಕುಳಿತಿದ್ದಾರೆ.

“ಬರ್ರಿ ಬೀಗರ. ಫೋನೂ ಇಲ್ಲ, ಬಿಲ್ಲೂ ಇಲ್ಲ. ಮುಟ್ಟಬಾರದಂತ ನಿಮ್ಮ ಚೀಟಿ ಬ್ಯಾರೆ. ನಿಮ್ಮನ್ನ ಕರ್ಕೊಂಡ ಬರಲಿಕ್ಕ ನಿಮ್ಮ ಅಳಿಯ ಸೋಲಾಪುರಕ್ಕ ಹೋಗ್ಯಾನ.”

ಅಂದರೆ ದಾರಿಯಲ್ಲಿ ನಮ್ಮ ಬಸ್ಸುಗಳು ಎದುರುಬದುರು ಹಾದುಹೋಗಿದ್ದವು! ಡಬ್ಬಿ ಮುಂದಿಟ್ಟೆ. ಅವರು ಮುಚ್ಚಳ ತೆಗೆದರು.

“ಬರ್ಫಿ!” ಎಂದು ಎದ್ದು ನಿಂತರು. “ಲಕ್ಷ್ಮೀ ಬಂದಾಳ ನಮ್ಮ ಮನಿಗೆ! ಯಾರಿಗೂ ಹೇಳಿಲ್ಲ ಹೌದಲ್ರಿ? ಮೊದಲ ನನಗ?”

“ನಿಮಗ್ರಿ... ಅಂದ್ರ, ಮೊದಲ ನಿಮ್ಮ ಕಂಪ್ಯೂಟರಿಗೆ ಹೇಳೀನಿ, ಆಮ್ಯಾಲ ನಿಮಗ.”

ನಡೆದದ್ದನ್ನೆಲ್ಲ ಹೇಳಬೇಕಾಯಿತು. ಡಬ್ಬಿ ಖಾಲಿ ಕಳಿಸಬಾರದೆಂಬ ನನ್ನ ತರ್ಕವನ್ನೂ ಒಪ್ಪಿಸಿದೆ. ಬೀಗತಿ ಸೆರಗು ಬಾಯಿಗಿಟ್ಟುಕೊಂಡರು.

“ಬೀಗರ, ನಾವು ಉಂಡಿ ಕಳಸಿದ್ರ ನೀವು ಅವನ್ನ ತಿಂದು, ಚಕ್ಕಲಿ ಹಾಕಿ ಕಳಸಬೇಕ್ರಿ. ನೀವು ನಮ್ಮ ಉಂಡೀನೂ ಅದರಾಗ ಇಟ್ಟು, ಮ್ಯಾಲ ನಿಮ್ಮ ಚಕ್ಕಲಿ ಹಾಕಿ ಕಳಸೀರಿ. ನಾವು ಅಷ್ಟೂ ಇಟ್ಟು, ಮ್ಯಾಲ ಮತ್ತ ಉಂಡಿ ಹಾಕೀವಿ. ಡಬ್ಬಿ ಒಡೀದ ಏನ್ಮಾಡ್ತದ?”

ಮರುದಿನ ಇಂಜಿನಿಯರ್ ಹೇಳಿದ್ದೂ ಇಷ್ಟೇ. ಆದರೆ ಅವನು ಫೀ ತೆಗೆದುಕೊಂಡ.

ಬೀಗತಿ ಚೀಟಿ ಹರಿದು, ಗೇಟ್‌ವೇಯ ವೈರ್ ಕಿತ್ತು, ಅದಕ್ಕೆ ಕುಂಕುಮ ಹಚ್ಚಿ, “ಮೊದಲ ಕೇಳಿದಾಕಿ ನೀನ, ತಿನ್ನವ್ವಾ,” ಎಂದು ಒಂದು ಬರ್ಫಿ ಇಟ್ಟರು. ಉಳಿದದ್ದನ್ನು ಯಾತ್ರಿಕರಿಗೆ ಹಂಚಿದರು. ಬಿಲ್ಲಿಗಾಗಿ ಸಿಡಿಮಿಡಿಗೊಂಡಿದ್ದವರೆಲ್ಲ ಬಾಯಿ ಸಿಹಿ ಮಾಡಿಕೊಂಡು ಕೂಸಿಗೆ ಹರಸಿದರು.

ಅಷ್ಟರಲ್ಲಿ ಫೋನ್ ಬಂತು. ಈ ಸಲ ನಿಜವಾಗಿಯೂ ಅಳಿಯನೇ.

“ಅವ್ವಾ! ನಾ ಅಪ್ಪ ಆಗೀನಿ!”

“ನಿನಗ್ಯಾರ ಹೇಳಿದ್ರೋ?”

“ಪಾತ್ರಿ ಅಂಗಡಿ ಕಾಶೀನಾಥ ಕಾಕಾ. ನವಿ ಪೇಠದಾಗ ಎಲ್ಲಾರಿಗೂ ಗೊತ್ತದ!”

ಬೀಗತಿ ನನ್ನ ಮುಖ ನೋಡಿದರು. ನಾನು ಬರ್ಫಿಯ ಖಾಲಿ ಡಬ್ಬಿ ನೋಡಿದೆ. ಆಮೇಲೆ ಅವರು ನಗತೊಡಗಿದ್ದು, ನಾನು ಸಂಜೆ ಬಸ್ಸು ಹತ್ತಿದರೂ ನಿಂತಿರಲಿಲ್ಲ.

ಈಗ ನನ್ನ ಬಳಿ ಇರುವುದು ಇಷ್ಟು: ಅಂಗಡಿ ಒಂದು, ಕಂಪ್ಯೂಟರ್ ಎರಡು, ಗೇಟ್‌ವೇ ಒಂದು, ಅದಕ್ಕೆಂದೇ ಬೇರೆ ಫೋನ್ ಲೈನ್ ಒಂದು, ಹೆಂಡತಿ, ಮಗಳು, ಅಳಿಯ, ಮೊಮ್ಮಗಳು ಒಬ್ಬೊಬ್ಬರು. ಗೇಟ್‌ವೇಯ ಪಾಸ್‌ವರ್ಡ್ ಬೀಗತಿಯ ಬಳಿ ಇದೆ.