ಚುಕ್ಕಿ ಇಟ್ಟ ಸೀಟು

"ಕಾರು ಸರಿಮಾಡಿಸು. ಬರ್ತೀನಿ."

ಹನ್ನೊಂದು ತಿಂಗಳಿಂದ ಹೊಸಿಲು ದಾಟದ ಅಮ್ಮ ಬೆಳಗಿನ ಕಾಫಿ ಕುಡಿಯುತ್ತ ಹೀಗೆಂದದ್ದೇ ತಡ, ಕಾಗುಣಿತನಿಗೆ ಕಣ್ಣು ತುಂಬಿ ಬಂತು. ಅಪ್ಪ ಹೋದ ಮೇಲೆ ಅಮ್ಮ ಕಿಟಕಿ ಪಕ್ಕದ ಕುರ್ಚಿ ಬಿಟ್ಟು ಏಳುತ್ತಿದ್ದದ್ದು ಊಟಕ್ಕೆ, ಸ್ನಾನಕ್ಕೆ, ಅಷ್ಟೆ. ಯಾರು ಕರೆದರೂ ಹೊರಗೆ ಹೊರಟವಳಲ್ಲ. ಈಗ ತಾನಾಗಿಯೇ ಬರುತ್ತೇನೆ ಎಂದಿದ್ದಾಳೆ. ಸಂಜೆ ಕಾರಿನಲ್ಲಿ ಒಂದು ಸುತ್ತು ಕರೆದುಕೊಂಡು ಹೋಗಿಬಿಟ್ಟರೆ ಸಾಕು, ಅಮ್ಮ ಮತ್ತೆ ಮನುಷ್ಯರ ನಡುವೆ ಬಂದಂತೆಯೇ ಎಂದು ಅವನಿಗೆ ಆಸೆಯಾಯಿತು.

ಆದರೆ ಸರಿಮಾಡಿಸುವುದೆಂದರೆ ಎಷ್ಟು?

ಕಾಗುಣಿತ ಮುದ್ರಣಾಲಯದಲ್ಲಿ ಕರಡು ತಿದ್ದುವವನು. ಹದಿನೈದು ವರ್ಷ ಪರರ ಒತ್ತಕ್ಷರ, ದೀರ್ಘಗಳಿಗೆ ಕಣ್ಣು ಕಳೆದುಕೊಂಡದ್ದಕ್ಕೆ ಸಿಕ್ಕ ಬಹುಮಾನ ಆ ಅಡ್ಡಹೆಸರು. ಹೆತ್ತವರು ಇಟ್ಟ ಹೆಸರು ಹಾಜರಿ ಪುಸ್ತಕದಲ್ಲಿ ಮಾತ್ರ ಉಳಿದಿತ್ತು. 'ಸರಿ' ಎಂಬ ಪದವನ್ನು ಅವನು ಯಾವತ್ತೂ ಸುಲಭವಾಗಿ ದಾಟಿ ಹೋದವನಲ್ಲ. ಅಮ್ಮನನ್ನೇ ಕೇಳಬಹುದಿತ್ತು. ಕೇಳಿದರೆ ಅಪ್ಪನ ಮಾತು ಬರುತ್ತದೆ, ಅಮ್ಮ ಅಳುತ್ತಾಳೆ, ಆಮೇಲೆ ತಾನೂ ಅಳಬೇಕಾಗುತ್ತದೆ. ಆ ಹೆದರಿಕೆಗೆ ಅಮ್ಮನೊಬ್ಬಳನ್ನು ಬಿಟ್ಟು ಉಳಿದವರನ್ನೆಲ್ಲ ಕೇಳಿದ.

ಕೇಳುವ ಮೊದಲೇ ಹೇಳುವವರು ಪಕ್ಕದ ಮನೆಯ ನಿವೃತ್ತ ಇಂಜಿನಿಯರು. ಷೆಡ್ಡಿನಿಂದ ಅಪ್ಪನ ಹಳೇ ಕಾರು ಕೆಮ್ಮುತ್ತ ಈಚೆ ಬಂದದ್ದೇ ಗೇಟಿಗೆ ಬಂದು ನಿಂತರು.

"ಪೂರ್ತಿ ಬಿಚ್ಚಿಸ್ಬಿಡಿ. ಬಣ್ಣ, ಬಂಪರು, ಸೀಟು, ಎಲ್ಲಾ ಹೊಸದು. ಅರ್ಧಂಬರ್ಧ ಮಾಡಿಸಿದ್ರೆ ಮುದುಕನಿಗೆ ಕೂದಲಿಗೆ ಮಾತ್ರ ಬಣ್ಣ ಬಳಿದ ಹಾಗಾಗುತ್ತೆ," ಎಂದು ತಮ್ಮ ಕಪ್ಪು ತಲೆಯನ್ನು ಸವರಿಕೊಂಡರು.

ಮುದ್ರಣಾಲಯದ ಮ್ಯಾನೇಜರು ಇದಕ್ಕೆ ಪೂರ್ತಿ ಉಲ್ಟಾ. "ಛೆ ಛೆ, ಒಂದು ಮೊಳೇನೂ ಮುಟ್ಟಿಸ್ಬೇಡಿ. ಹಳೇ ಕಾರಿಗೆ ಬೆಲೆ ಬರೋದೇ ತುಕ್ಕಿನಿಂದ. ಬೇಕಾದ್ರೆ ತೊಳೀರಿ. ಅದೂ ಬರೀ ನೀರಲ್ಲಿ."

ಕಾಗುಣಿತನಿಗೆ ಇಬ್ಬರ ಮಾತೂ ಸರಿ ಎನಿಸಿತು. ಅದೇ ಅವನ ರೋಗ. ಕಾರಿನೊಳಗೆ ಒಬ್ಬನೇ ಕೂತು ಯೋಚಿಸಿದ. ಮುಂದುಗಡೆ ಬೆಂಚಿನಂತೆ ಈ ತುದಿಯಿಂದ ಆ ತುದಿಗೆ ಒಂದೇ ಉದ್ದ ಸೀಟು. ಸ್ಟಿಯರಿಂಗಿನ ಹಿಂದೆ ಅದು ಬೋಗುಣಿಯ ಹಾಗೆ ತಗ್ಗಾಗಿತ್ತು. ಅಪ್ಪ ಕೂತೂ ಕೂತೂ ಆದ ಗುಂಡಿ. ಸುಟ್ಟ ಮೇಲೆ ಅಪ್ಪನದೆಂದು ಈ ಭೂಮಿಯ ಮೇಲೆ ಉಳಿದಿದ್ದ ಆಕಾರ ಅದೊಂದೇ. ಎಡಬಾಗಿಲಿನ ತಗ್ಗು ಕಾಗುಣಿತ ಸೈಕಲ್ ಕಲಿತ ದಿನದ್ದು. ಅವತ್ತು ಅಪ್ಪ ಬೈಯದೆ ನಕ್ಕಿದ್ದರು. ಕಾಗುಣಿತ ಕೊನೆಗೂ ತೀರ್ಮಾನಕ್ಕೆ ಬಂದ. ಇಂಜಿನ್ನು, ದೀಪ, ಬಂಪರು ಏನಾದರೂ ಆಗಲಿ. ಸೀಟು ಮತ್ತು ಬಾಗಿಲು ಮಾತ್ರ ಯಾರೂ ಮುಟ್ಟಕೂಡದು. ಅಮ್ಮ ಬಂದು ಆ ಗುಂಡಿಯ ಪಕ್ಕದಲ್ಲಿ ಕೂರಬೇಕು.

ಗ್ಯಾರೇಜಿನ ಮೇಸ್ತ್ರಿ ಒಂದು ಕಿವಿಗೆ ಫೋನು ಸಿಕ್ಕಿಸಿಕೊಂಡೇ ಹುಟ್ಟಿದವನಂತಿದ್ದ. ಮೂರು ಸಲ ಬಾಯಿ ತೆರೆದ ಕಾಗುಣಿತನ ಕೈಗೆ ಒಂದು ಸೀಮೆಸುಣ್ಣದ ತುಂಡು ಕೊಟ್ಟು, "ಏನೇನು ಅಂತ ಗುರುತು ಹಾಕ್ಬಿಡಿ ಸರ್, ಮಿಕ್ಕಿದ್ದು ನಂಗೆ ಬಿಡಿ. ನಾಲ್ಕು ಗಂಟೆಗೆ ಬನ್ನಿ," ಎಂದು ಮತ್ತೆ ಫೋನಿನೊಳಗೆ ಹೋದ.

ಕರಡು ತಿದ್ದುವವರಲ್ಲಿ ಒಂದು ರೂಢಿಯಿದೆ. ಹೊಡೆದುಹಾಕಿದ ಪದದ ಕೆಳಗೆ ಸಾಲಾಗಿ ಚುಕ್ಕಿ ಇಟ್ಟರೆ, 'ಇದ್ದದ್ದು ಇದ್ದ ಹಾಗೇ ಇರಲಿ, ಕೈ ಹಚ್ಚಬೇಡಿ' ಎಂದರ್ಥ. ಕಾಗುಣಿತ ಸೀಟಿನ ಅಂಚಿಗೆ ಒಪ್ಪವಾಗಿ ಚುಕ್ಕಿ ಇಟ್ಟ. ಬಾಗಿಲಿನ ತಗ್ಗಿನ ಸುತ್ತ ಇನ್ನೂ ಒಪ್ಪವಾಗಿ ಇಟ್ಟ. ಬೇರೆ ಎಲ್ಲೂ ಇಡಲಿಲ್ಲ. ಜಗತ್ತಿನವರೆಲ್ಲ ಕರಡು ತಿದ್ದುವುದಿಲ್ಲ ಎಂಬುದು ಆ ಪುಣ್ಯಾತ್ಮನಿಗೆ ಹೊಳೆಯಲೇ ಇಲ್ಲ.

ನಾಲ್ಕು ಗಂಟೆಗೆ ಬಂದು ನೋಡಿದ. ಕೆಮ್ಮು ಕೇಳಿಯೇ ರಿಪೇರಿಯಾಗಿದ್ದ ಇಂಜಿನ್ನು ಹದವಾಗಿ ಓಡುತ್ತಿತ್ತು. ಒಡೆದ ದೀಪ, ಸೊಟ್ಟ ಬಂಪರು ಹಾಗೇ ಇದ್ದವು. ಆದರೆ ಬಾಗಿಲು ಹಲಗೆಯಂತೆ ನೆಟ್ಟಗಾಗಿತ್ತು. ಒಳಗೆ ಮಿರಮಿರ ಮಿಂಚುವ ಹೊಸ ಸೀಟು ಬೆನ್ನು ನೆಟ್ಟಗೆ ಮಾಡಿ ಕೂತಿತ್ತು.

"ನನ್ನ ಸೀಟೆಲ್ಲಿ ರೀ?"

"ಚುಕ್ಕಿ ಇಟ್ಟಿದ್ರಲ್ಲ ಸರ್? ನಮ್ಮಲ್ಲಿ ಸುಣ್ಣ ಬಿತ್ತು ಅಂದ್ರೆ ಬಿಚ್ಚು ಅಂತ. ನಿಮ್ಮ ಅದೃಷ್ಟ, ಇದೇ ಕಾರಿನ ಹೊಸಾ ಸೀಟು ಒಂದು ನಮ್ಮಲ್ಲೇ ಬಿದ್ದಿತ್ತು. ಕೂತು ನೋಡಿ, ಸೋಫಾ!"

"ಮುಟ್ಟಬೇಡಿ ಅಂತ ಕಣ್ರೀ ಚುಕ್ಕಿ ಇಟ್ಟಿದ್ದು!"

ಮೇಸ್ತ್ರಿ ಮೊದಲ ಬಾರಿಗೆ ಕಿವಿಯಿಂದ ಫೋನು ತೆಗೆದ. "ಮುಟ್ಟಬೇಡಿ ಅನ್ನೋದಕ್ಕೆ ಯಾರಾದ್ರೂ ಗುರುತು ಹಾಕ್ತಾರಾ ಸರ್? ಸುಮ್ನಿರ್ತಾರೆ."

ಮಾತಿನಲ್ಲಿ ಸೋತಾಗ ಎಲ್ಲರೂ ಮಾಡುವಂತೆ ಕಾಗುಣಿತನೂ ಕೂಗಾಡಿದ. ಜನ್ಮದಲ್ಲಿ ಯಾರ ಮೇಲೂ ದನಿಯೆತ್ತದವನು ಅಪ್ಪನ ಹೆಸರು ಹೇಳಿ ಅಳುತ್ತ ಕೂಗಾಡುವುದನ್ನು ನೋಡಿ ಗ್ಯಾರೇಜಿನವರೆಲ್ಲ ಕೈಲಿದ್ದ ಸ್ಪ್ಯಾನರು ಕೆಳಗಿಟ್ಟರು. ಹಳೆಯ ಸೀಟು ಹಿತ್ತಲಿನ ಗುಜರಿ ರಾಶಿಯ ಮೇಲೆ ಸಿಕ್ಕಿತು. ಗುಂಡಿಯಲ್ಲಿ ಗ್ಯಾರೇಜಿನ ಮುದಿ ನಾಯಿ ಹೇಳಿ ಮಾಡಿಸಿದ ಹಾಗೆ ಸುತ್ತಿಕೊಂಡು ಮಲಗಿತ್ತು. ಅದನ್ನು ಎಬ್ಬಿಸುವಾಗ ಕಾಗುಣಿತನ ಪ್ಯಾಂಟಿನ ಒಂದು ಕಾಲು ಹರಿಯಿತು.

ಒಂದೂವರೆ ಗಂಟೆ ಹಿಡಿದು ಹೊಸ ಸೀಟು ಬಿಚ್ಚಿ ಹಳೆಯದನ್ನು ಕೂರಿಸಿದರು. ಮೇಸ್ತ್ರಿಗೂ ಮನಸ್ಸು ಕರಗಿತ್ತು. "ಬಾಗಿಲಿಗೂ ಬೇಕಾದ್ರೆ ಮತ್ತೆ ಗುದ್ದಿ ಕೊಡ್ತೀನಿ ಸರ್," ಎಂದ. ಕಾಗುಣಿತ ಹೂಂ ಅಂದ. ಸುತ್ತಿಗೆಯ ಮೊದಲ ಏಟಿಗೇ ತಗ್ಗು ಮೊದಲಿನ ಎರಡರಷ್ಟಾಯಿತು. ಇನ್ನು ಸಾಕು ಎಂದು ಕೈಮುಗಿದು ಹೊರಟ.

ಮನೆಯ ಮುಂದೆ ಕಾರು ನಿಂತಾಗ ಇನ್ನೂ ಬೆಳಕಿತ್ತು. ಅಮ್ಮ ತಲೆ ಬಾಚಿ, ಚಪ್ಪಲಿ ಮೆಟ್ಟಿ, ಕೈಚೀಲ ಹಿಡಿದು ಮೆಟ್ಟಿಲ ಮೇಲೆ ಕಾಯುತ್ತಿದ್ದಳು. ಅಮ್ಮ ಗೋಡೆ ಹಿಡಿದು ಮೂರು ಮೆಟ್ಟಿಲು ಇಳಿದು, ಬಾಗಿಲು ತೆಗೆದು, ಸೀಟನ್ನು ಅಂಗೈಯಲ್ಲಿ ಒತ್ತಿ ನೋಡಿದಳು.

"ಇದೇನೋ, ಅದೇ ಸೀಟು?"

"ಹೂಂ ಅಮ್ಮ. ಏನೇ ಆದ್ರೂ ಬಿಡ್ಲಿಲ್ಲ ನಾನು. ಅಪ್ಪ ಕೂತ ಗುಂಡಿ ಹಾಗೇ ಇದೆ ನೋಡು."

"ನಿಮ್ಮಪ್ಪನಾ?" ಅಮ್ಮ ಅವನನ್ನೇ ನೋಡಿದಳು. "ಅವರು ಕಡ್ಡಿ ಹಾಗಿದ್ರು ಕಣೋ. ಅವರು ಕೂತ್ರೆ ದಿಂಬೂ ತಗ್ಗಾಗ್ತಿರ್ಲಿಲ್ಲ. ಈ ಗುಂಡಿ ಕಾರು ತಂದಾಗ್ಲೇ ಇತ್ತು. ಮೊದಲು ಇದು ಒಬ್ಬ ಮರದ ವ್ಯಾಪಾರಿ ಹತ್ರ ಇತ್ತು. ಆ ಮನುಷ್ಯ ಬಾಗಿಲಲ್ಲಿ ಹಿಡೀತಿರ್ಲಿಲ್ಲ."

ಕಾಗುಣಿತ ಬಗ್ಗಿ ಗುಂಡಿಯನ್ನು ಮತ್ತೊಮ್ಮೆ ನೋಡಿದ.

"ಮೂವತ್ತು ವರ್ಷ ಆ ಗುಂಡಿಗೆ ಜಾರ್ತಾ, ಬಾಗಿಲ ಹಿಡಿಗೆ ಜೋತುಬಿದ್ದು ಓಡಾಡಿದೀನಿ. ನನ್ನ ಸೊಂಟ ಹೋದದ್ದೇ ಇದರಿಂದ. ಸೀಟು ಸರಿಮಾಡಿಸಿ ಅಂದಾಗೆಲ್ಲ ನಾಳೆ ಅನ್ನೋರು. ನೀನಾದ್ರೂ ಮಾಡಿಸ್ತೀಯ ಅಂದ್ಕೊಂಡೆ."

"ಅಮ್ಮಾ, ಹೊಸಾ ಸೀಟು ಇತ್ತು! ನಾಲ್ಕು ಗಂಟೆಗೆ ಇದ್ರಲ್ಲೇ ಇತ್ತು!"

"ಏನಾಯ್ತು?"

"ಜಗಳ ಆಡಿ ನಾನೇ ಬಿಚ್ಚಿಸ್ದೆ."

ಅಮ್ಮ ಕಾರಿನ ಬಾಗಿಲು ಮುಚ್ಚಿದಳು. ಕಾಗುಣಿತ ಮೇಸ್ತ್ರಿಗೆ ಫೋನು ಮಾಡಿದ.

"ಅಯ್ಯೋ ಸರ್, ನಿಮ್ಮ ಅಳು ನೋಡಿ ಆ ಸೀಟಿನ ಮೇಲೇ ಬೇಜಾರಾಗೋಯ್ತು. ಈಗ ತಾನೆ ಬೇರೆಯವರ ಇಂಥದ್ದೇ ಕಾರಿಗೆ ಕೂರಿಸಿ ಕಳಿಸ್ದೆ. ಅವರು ಭಾಳ ಖುಷಿಯಾದ್ರು!"

ಫೋನು ಇಡುವಷ್ಟರಲ್ಲಿ ಅಮ್ಮ ಗೋಡೆ ಹಿಡಿದುಕೊಂಡು ಮೂರೂ ಮೆಟ್ಟಿಲು ಹತ್ತಿ ಆಗಿತ್ತು. ಒಳಗೆ ಚಪ್ಪಲಿ ಬಿಟ್ಟ ಸದ್ದು, ಆಮೇಲೆ ಕುರ್ಚಿ ಕಿರುಗುಟ್ಟಿದ ಸದ್ದು ಕೇಳಿಸಿತು. ಕಾಗುಣಿತನಿಗೆ ಒಳಗೆ ಹೋಗಲು ಮುಖವಿರಲಿಲ್ಲ. ಹರಿದ ಪ್ಯಾಂಟಿನಲ್ಲೇ ಕಾರು ಹತ್ತಿ ಆ ಗುಂಡಿಯಲ್ಲಿ ಕುಸಿದು ಕೂತ. ಬೆಳಗ್ಗೆ ಅದೇ ಜಾಗದಲ್ಲಿ ಅಪ್ಪ ಇದ್ದರು. ಈಗ ಗುರುತು ಪರಿಚಯವಿಲ್ಲದ ಯಾವನೋ ಮರದ ವ್ಯಾಪಾರಿಯ ತೊಡೆಯ ಮೇಲೆ ಕೂತಂತಿತ್ತು.